ಹೀಟ್ ಆದ ಎಂಜಿನ್ನಿಗೆ ಯಾವ ಹೆಡ್ಡು: ರಿಪೇರಿಯೋ, ಗುಜರಿಯದ್ದೋ, ರೀಕಂಡೀಶನ್ನೋ, ಹೊಸದೋ?

"ಗಾಡಿ ಹೀಟ್ ಆಗಿ ಹೆಡ್ಡು ಹೋಯ್ತು. ಗುಜರಿಯಲ್ಲಿ ಒಂದು ಸಿಗ್ತಾ ಇದೆ, ತಗೊಳ್ಳಬಹುದಾ?" ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಹೆಡ್ಡು ಅಂದರೆ ಎಂಜಿನ್ನಿನ ಬ್ಲಾಕಿನ ಮೇಲೆ ಮುಚ್ಚಳದ ಹಾಗೆ ಕೂರುವ, ವಾಲ್ವುಗಳಿರುವ ಸಿಲಿಂಡರ್ ಹೆಡ್. ಪ್ರಶ್ನೆ ಬರುವುದಕ್ಕೆ ಕಾರಣವೂ ಇದೆ. ಆಗುಂಬೆಯ 14 ತಿರುವು ಅಥವಾ ಹುಲಿಕಲ್ ಘಾಟಿ, ಲೋಡ್ ತುಂಬಿದ ಪಿಕಪ್, ಎರಡನೇ ಗೇರು. ಎಂಜಿನ್ ಜೋರಾಗಿ ತಿರುಗುತ್ತದೆ, ಗಾಡಿ ನಿಧಾನಕ್ಕೆ ಏರುತ್ತದೆ, ರೇಡಿಯೇಟರಿಗೆ ಗಾಳಿ ಸಾಲುವುದಿಲ್ಲ. ತೋಟದ ರಸ್ತೆಯ ಕೆಸರು ರೇಡಿಯೇಟರಿನ ಸಂದಿಗಳಲ್ಲಿ ಒಣಗಿ ಕೂತಿರುತ್ತದೆ. ಕೂಲೆಂಟ್ ಹಾಕಬೇಕಾದ ಕಡೆ ಹಳ್ಳದ ನೀರು ಹಾಕಿರುತ್ತಾರೆ. ಇಷ್ಟು ಸಾಕು.

ಆಮೇಲೆ ಎದುರಿಗೆ ಇರುವುದು ನಾಲ್ಕು ದಾರಿ. ನಿಮ್ಮದೇ ಹೆಡ್ಡನ್ನು ಸರಿ ಮಾಡಿಸುವುದು. ಗುಜರಿಯಿಂದ ಹಳೆಯದನ್ನು ತರುವುದು. ಯಾರದ್ದೋ ಹಳೆಯದನ್ನು ಸರಿ ಮಾಡಿಟ್ಟ ರೀಕಂಡೀಶನ್ ಹೆಡ್ಡನ್ನು, ನಿಮ್ಮದನ್ನು ಕೊಟ್ಟು ಎಕ್ಸ್‌ಚೇಂಜ್ ಮೇಲೆ ತಗೊಳ್ಳುವುದು. ಹೊಸದನ್ನೇ ಹಾಕಿಸುವುದು. ಈ ನಾಲ್ಕರಲ್ಲಿ ರೇಟು ನೋಡಿ ಆರಿಸುವವರೇ ಜಾಸ್ತಿ. ನಾನು ಹೇಳುವುದು ಬೇರೆ: ಯಾವ ಹೆಡ್ಡಿನ ಬಿಸಿಯ ಇತಿಹಾಸ ನಿಮಗೆ ಗೊತ್ತಿದೆಯೋ, ಅಥವಾ ಯಾವುದನ್ನು ದುಡ್ಡು ಕೊಡುವ ಮೊದಲು ಪರೀಕ್ಷೆ ಮಾಡಲು ಬಿಡುತ್ತಾರೋ, ಅದನ್ನು ಆರಿಸಿ.

ಏನೇನು ತೂಗಿ ನೋಡಬೇಕು

ಮೊದಲನೆಯದು ಈಗಷ್ಟೇ ಹೇಳಿದ್ದು. ಈ ಹೆಡ್ಡು ಎಷ್ಟು ಕಾದಿತ್ತು, ಎಷ್ಟು ಹೊತ್ತು ಕಾದಿತ್ತು, ಯಾರಿಗಾದರೂ ಗೊತ್ತಿದೆಯಾ? ಗೊತ್ತಿಲ್ಲದಿದ್ದರೆ ಪರೀಕ್ಷೆಗೆ ಅವಕಾಶ ಇದೆಯಾ, ಪರೀಕ್ಷೆಯಲ್ಲಿ ಫೇಲಾದರೆ ವಾಪಸ್ ತಗೊಳ್ಳುತ್ತಾರಾ?

ಎರಡನೆಯದು ಪೂರ್ತಿ ಖರ್ಚು. ಹೆಡ್ಡಿನ ರೇಟಿಗೆ ಗ್ಯಾಸ್ಕೆಟ್ (ಹೆಡ್ಡು ಬ್ಲಾಕಿನ ನಡುವೆ ಕೂರುವ ಸೀಲು) ಸೆಟ್, ಹೆಡ್ ಬೋಲ್ಟು, ಫೇಸಿಂಗ್ (ಕೆಳಮುಖವನ್ನು ಮೆಶಿನ್ನಿನಲ್ಲಿ ಕೆರೆದು ಸಮ ಮಾಡುವುದು), ವಾಲ್ವ್ ಸೀಟ್ (ವಾಲ್ವು ಬಂದು ಕೂರುವ ಉಂಗುರ) ಕೆಲಸ, ಆಯಿಲ್, ಕೂಲೆಂಟ್, ಕೂಲಿ ಎಲ್ಲ ಸೇರಿಸಿ. ಇದರಲ್ಲಿ ಗ್ಯಾಸ್ಕೆಟ್, ಆಯಿಲ್, ಕೂಲೆಂಟ್, ಕೂಲಿ ನಾಲ್ಕು ದಾರಿಯಲ್ಲೂ ಒಂದೇ. ಹೆಡ್ಡು ಕೆಟ್ಟದ್ದು ಬಂದರೆ ಅಷ್ಟೂ ಇನ್ನೊಂದು ಸಲ ಕೊಡಬೇಕು. ಹಾಗಾಗಿ ಹೆಡ್ಡಿನಲ್ಲಿ ಉಳಿಸಿದ ದುಡ್ಡು ಉಳಿತಾಯ ಆಗುವುದು ಒಂದೇ ಸಲಕ್ಕೆ ಕೆಲಸ ಮುಗಿದರೆ ಮಾತ್ರ.

ಮೂರನೆಯದು ಗಾಡಿ ಎಷ್ಟು ದಿನ ನಿಲ್ಲಬಹುದು ಅನ್ನುವುದು. ಮಳೆಗಾಲದಲ್ಲಿ ಮನೆ ಮುಂದೆ ನಿಂತಿರುವ ಓಮ್ನಿ ಬೇರೆ, ಅಡಿಕೆ ಕೊಯ್ಲಿನ ಹೊತ್ತಿಗೆ ನಿಂತ ಪಿಕಪ್ ಬೇರೆ. ನಾಲ್ಕನೆಯದು ಗಾಡಿಯ ಆಯಸ್ಸು. ಇನ್ನು ಎರಡು ವರ್ಷದಲ್ಲಿ ಮಾರುವ ಗಾಡಿಗೂ ಹತ್ತು ವರ್ಷ ಇಟ್ಟುಕೊಳ್ಳುವ ಗಾಡಿಗೂ ಒಂದೇ ಲೆಕ್ಕ ಸರಿಯಾಗುವುದಿಲ್ಲ.

ಬಿಸಿ ಹೆಡ್ಡಿಗೆ ಏನು ಮಾಡುತ್ತದೆ

ಇದು ಗೊತ್ತಿದ್ದರೆ ಏನು ಹುಡುಕಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ, ಈಗಿನ ಎಷ್ಟೋ ಡೀಸೆಲ್‌ಗಳಲ್ಲೂ, ಹೆಡ್ಡು ಅಲ್ಯೂಮಿನಿಯಂ. ಕೆಳಗಿನ ಬ್ಲಾಕು ಎಷ್ಟೋ ಗಾಡಿಗಳಲ್ಲಿ ಬೀಡು (ಎರಕದ ಕಬ್ಬಿಣ). ಮಾರುತಿ 800, ಓಮ್ನಿಯ 796 ಸಿಸಿ ಎಂಜಿನ್ ಹೀಗೇ ಇದೆ. ಬಿಸಿಯಾದಾಗ ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 400 ಮಿ.ಮೀ. ಉದ್ದದ ಹೆಡ್ಡು ಮಾಮೂಲಿಗಿಂತ 100 ಡಿಗ್ರಿ ಜಾಸ್ತಿ ಕಾದರೆ ಅಲ್ಯೂಮಿನಿಯಂ ಹೆಚ್ಚೂಕಮ್ಮಿ 0.9 ಮಿ.ಮೀ. ಬೆಳೆಯಲು ನೋಡುತ್ತದೆ. ಬೀಡು ಅಷ್ಟೇ ಕಾದರೂ ಅದರ ಅರ್ಧ. ಬೋಲ್ಟುಗಳು ಹೆಡ್ಡನ್ನು ಬಿಗಿಯಾಗಿ ಹಿಡಿದಿರುತ್ತವೆ. ಹೋಗಲು ಜಾಗ ಇಲ್ಲದೆ ಹೆಡ್ಡು ನಡುವೆ ಉಬ್ಬುತ್ತದೆ. ತಣ್ಣಗಾದ ಮೇಲೂ ಆ ಬೆಂಡು ಉಳಿಯುತ್ತದೆ.

ಎರಡನೇ ಪೆಟ್ಟು ಬಿರುಕು. ತೆಳ್ಳಗಿರುವ ಕಡೆ ಬರುತ್ತದೆ: ಎರಡು ವಾಲ್ವ್ ಸೀಟುಗಳ ನಡುವೆ, ಎಕ್ಸಾಸ್ಟ್ ಸೀಟಿನಿಂದ ಸ್ಪಾರ್ಕ್ ಪ್ಲಗ್ ತೂತಿನವರೆಗೆ, ಹಳೆ ಡೀಸೆಲ್‌ಗಳಲ್ಲಿ ಪ್ರೀಚೇಂಬರಿನ (ಡೀಸೆಲ್ ಮೊದಲು ಉರಿಯುವ ಚಿಕ್ಕ ಗುಳಿ) ಬಾಯಿಂದ ಸೀಟಿನ ಕಡೆಗೆ. ಕುದಿಯುವ ಎಂಜಿನ್ನಿಗೆ ಗಾಬರಿಯಲ್ಲಿ ತಣ್ಣೀರು ಸುರಿದಿದ್ದರೆ ಬಿರುಕಿನ ಸಾಧ್ಯತೆ ಇನ್ನೂ ಜಾಸ್ತಿ.

ಮೂರನೆಯದು ಕಣ್ಣಿಗೆ ಕಾಣುವುದೇ ಇಲ್ಲ, ಅದಕ್ಕೇ ಹೆಚ್ಚು ಮೋಸ. ಅಲ್ಯೂಮಿನಿಯಂ ಹೆಡ್ಡನ್ನು ಕಾರ್ಖಾನೆಯಲ್ಲಿ ಶಾಖ ಕೊಟ್ಟು ಗಟ್ಟಿ ಮಾಡಿರುತ್ತಾರೆ. ಸುಮಾರು 200 ಡಿಗ್ರಿ ದಾಟಿ ಬಹಳ ಹೊತ್ತು ಕಾದರೆ ಆ ಗಟ್ಟಿತನ ಇಳಿಯುತ್ತದೆ. ಮೆತ್ತಗಾದ ಹೆಡ್ಡನ್ನು ಫೇಸಿಂಗ್ ಮಾಡಿದರೆ ಕನ್ನಡಿಯಂತೆ ಹೊಳೆಯುತ್ತದೆ, ಅಳತೆಯಲ್ಲೂ ಪಾಸಾಗುತ್ತದೆ. ಬೋಲ್ಟು ಬಿಗಿದ ಮೇಲೆ ನಿಧಾನಕ್ಕೆ ಕುಸಿಯುತ್ತದೆ, ಸೀಟುಗಳು ಸಡಿಲಾಗುತ್ತವೆ, ಕೆಲವೇ ತಿಂಗಳಲ್ಲಿ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ. ಆಗ ಎಲ್ಲರೂ ಬೈಯುವುದು ಗ್ಯಾಸ್ಕೆಟ್ಟನ್ನು.

ಒಂದು ಮಾತು ನೆನಪಿಡಿ. "ಮೀಟರ್ ಮುಳ್ಳು ಮೇಲೆ ಹೋಗಿರಲೇ ಇಲ್ಲ" ಅಂತ ಮಾಲೀಕ ಪ್ರಾಮಾಣಿಕವಾಗಿಯೇ ಹೇಳಬಹುದು. ನೀರೆಲ್ಲ ಸೋರಿ ಹೋದರೆ ಸೆನ್ಸರಿಗೆ ತಾಗಲು ನೀರೇ ಇರುವುದಿಲ್ಲ. ಮುಳ್ಳು ಅರ್ಧದಲ್ಲೇ ಇರುತ್ತದೆ, ಹೆಡ್ಡು ಸುಡುತ್ತಿರುತ್ತದೆ.

ಗುಜರಿ ಹೆಡ್ಡನ್ನು ನೋಡುವ ಕ್ರಮ

ಹೆಡ್ಡು ನೋಡುವ ಮೊದಲು ಅದು ಬಂದ ಗಾಡಿಯನ್ನು ನೋಡಿ. ಗುಜರಿಯಲ್ಲಿ ಗಾಡಿ ಇನ್ನೂ ಪೂರ್ತಿ ಬಿಚ್ಚದೆ ನಿಂತಿದ್ದರೆ ನಿಮ್ಮ ಅದೃಷ್ಟ. ಹಿಂದೆಯಿಂದಲೋ ಪಕ್ಕದಿಂದಲೋ ಗುದ್ದಿಸಿಕೊಂಡ ಗಾಡಿಯ ಹೆಡ್ಡು ಒಳ್ಳೆಯದು. ಆ ಕ್ಷಣದವರೆಗೆ ಎಂಜಿನ್ ಚೆನ್ನಾಗಿ ಓಡುತ್ತಿತ್ತು ಅಂತ ಅರ್ಥ. ಮುಂದೆ ಗುದ್ದಿದ ಗಾಡಿಯಾದರೆ ಸ್ವಲ್ಪ ಯೋಚಿಸಿ. ರೇಡಿಯೇಟರ್ ಒಡೆದ ಮೇಲೂ ಎಂಜಿನ್ ಓಡಿರಬಹುದು. ಮೈಯೆಲ್ಲ ಸರಿ ಇದ್ದು ಗುಜರಿಗೆ ಬಂದ ಗಾಡಿಯ ಮೇಲೆ ಎಲ್ಲಕ್ಕಿಂತ ಜಾಸ್ತಿ ಅನುಮಾನ ಪಡಬೇಕು. ಬಾಡಿ ಚೆನ್ನಾಗಿರುವ ಗಾಡಿಯನ್ನು ಯಾಕೆ ಗುಜರಿಗೆ ಹಾಕಿದರು? ಹೆಚ್ಚಿನ ಸಲ ಉತ್ತರ ಎಂಜಿನ್ನಿನಲ್ಲೇ ಇರುತ್ತದೆ. ಆಯಿಲ್ ಮುಚ್ಚಳ ತೆಗೆದು ಒಳಗೆ ಬೂದು ನೊರೆ ಇದೆಯಾ ನೋಡಿ. ರೇಡಿಯೇಟರಿನಲ್ಲಿ ತುಕ್ಕಿನ ನೀರು, ಎಣ್ಣೆಯ ಪದರ ಇದ್ದರೆ ಮುಂದೆ ನೋಡುವ ಅಗತ್ಯವಿಲ್ಲ.

ಹೆಡ್ಡು ಬಿಚ್ಚಿಟ್ಟಿದ್ದರೆ ಒಂದು ಆಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಬೀಡು, ಅಂಟದಿದ್ದರೆ ಅಲ್ಯೂಮಿನಿಯಂ. ಹಳೆ ಜೀಪು, ಟ್ರ್ಯಾಕ್ಟರ್ ಹೆಡ್ಡುಗಳಲ್ಲಿ ಇದು ಮುಖ್ಯ, ಏಕೆಂದರೆ ಮುಂದಿನ ಪರೀಕ್ಷೆಗಳು ಇದರ ಮೇಲೆ ಬದಲಾಗುತ್ತವೆ. ಬೀಡಿನ ಹೆಡ್ಡು ಬೆಂಡ್ ಆಗುವುದು ಕಡಿಮೆ, ಬಿರುಕು ಬಿಡುವುದೇ ಜಾಸ್ತಿ. ಅದನ್ನು ಹಗ್ಗದಲ್ಲಿ ನೇತುಹಾಕಿ ಚಿಕ್ಕ ಸುತ್ತಿಗೆಯಿಂದ ತಟ್ಟಿ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುತ್ತೇವಲ್ಲ, ಹಾಗೆ. ಖಣ್ ಅಂದರೆ ಆಸೆ ಇದೆ, ದಪ್ಪ ಸದ್ದು ಬಂದರೆ ಬಿಡಿ. ಇದು ಮೊದಲ ಸೋಸುವಿಕೆ ಅಷ್ಟೇ, ಕೊನೆಯ ತೀರ್ಪು ಆಗಲಾರದು.

ಆಮೇಲೆ ಕಣ್ಣಿನ ಪರೀಕ್ಷೆ. ಹೆಡ್ಡಿಗೆ ಹೊಸದಾಗಿ ಸಿಲ್ವರ್ ಪೇಂಟ್ ಹೊಡೆದಿದ್ದರೆ ನಾನಂತೂ ಮುಟ್ಟುವುದಿಲ್ಲ. ಹಳೆ ಹೆಡ್ಡು ಕೊಳೆಯಾಗಿರಬೇಕು, ಅದೇ ಸರಿ. ಕೊಳೆಯಲ್ಲೇ ಕಥೆ ಇರುತ್ತದೆ. ಮೇಲ್ಭಾಗದಲ್ಲಿ, ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಸುವ ಶಾಫ್ಟು) ಇರುವ ಕಡೆ, ಆಯಿಲ್ ಕಪ್ಪಾಗಿ ಗಟ್ಟಿ ಕರಕಲಾಗಿದ್ದರೆ ಚೆನ್ನಾಗಿ ಕಾದಿದೆ. ವಾಲ್ವ್ ಸೀಲ್ ರಬ್ಬರು ಉಗುರಿನಲ್ಲಿ ಒತ್ತಿದರೆ ಪುಡಿಯಾಗುತ್ತಿದ್ದರೆ, ಸೆನ್ಸರಿನ ಪ್ಲಾಸ್ಟಿಕ್ ಕರಗಿದ್ದರೆ ಅದೂ ಸಾಕ್ಷಿ. ಕೆಳಗಿನ ಮುಖದಲ್ಲಿ ಗ್ಯಾಸ್ಕೆಟ್ಟಿನ ಅಚ್ಚು ನೋಡಿ. ಎರಡು ಸಿಲಿಂಡರ್ ನಡುವೆ ಕಪ್ಪು ಗೆರೆ ಹಾದುಹೋಗಿದ್ದರೆ ಅಲ್ಲಿ ಗ್ಯಾಸ್ ದಾಟಿದೆ. ಬೇರೆಲ್ಲ ಚೇಂಬರುಗಳಲ್ಲಿ (ಇಂಧನ ಉರಿಯುವ ಗುಳಿಗಳು) ಕಾರ್ಬನ್ ಇದ್ದು ಒಂದು ಮಾತ್ರ ತೊಳೆದಿಟ್ಟ ಹಾಗೆ ಶುಭ್ರವಾಗಿದ್ದರೆ ಅದರೊಳಗೆ ನೀರು ಹೋಗುತ್ತಿತ್ತು. ನೀರಿನ ತೂತುಗಳ ಅಂಚು ತಿಂದು ಹೋಗಿದೆಯಾ ಅಂತಲೂ ನೋಡಿ. ಬರೀ ಹಳ್ಳದ ನೀರು, ಬೋರ್‌ವೆಲ್ ನೀರು ಹಾಕಿಕೊಂಡು ಓಡಿಸಿದ ಅಲ್ಯೂಮಿನಿಯಂ ಹೆಡ್ಡುಗಳಲ್ಲಿ ಇದು ಬಹಳ. ತೂತು ತಿಂದದ್ದು ಗ್ಯಾಸ್ಕೆಟ್ಟಿನ ಅಂಚಿಗೆ ತಲುಪಿದ್ದರೆ ವೆಲ್ಡಿಂಗ್ ಇಲ್ಲದೆ ಆಗದು.

ಕೆಲವು ರೀಕಂಡೀಶನ್ ಹೆಡ್ಡುಗಳ ಪಕ್ಕದಲ್ಲಿ ಬಟನ್ನಿನಷ್ಟು ಚಿಕ್ಕ ಲೋಹದ ಬಿಲ್ಲೆ ಅಂಟಿಸಿರುತ್ತಾರೆ. ಅದರ ನಡುವಿನ ಭಾಗ ಸುಮಾರು 125 ಡಿಗ್ರಿಗೆ ಕರಗುತ್ತದೆ. ನಡುಭಾಗ ಖಾಲಿ ಇದ್ದರೆ ಹೆಡ್ಡು ಹೀಟ್ ಆಗಿದೆ, ಇದರಲ್ಲಿ ವಾದವೇ ಇಲ್ಲ.

ಈಗ ಅಳತೆ. ಒಂದು ಸ್ಟ್ರೈಟ್ ಎಡ್ಜ್ (ಅಂಚು ಕರಾರುವಾಕ್ಕಾಗಿ ನೆಟ್ಟಗಿರುವ ಪಟ್ಟಿ), ಒಂದು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಎಲೆಗಳ ಕಟ್ಟು) ಸಾಕು. ಸಾಮಾನ್ಯ ಸ್ಕೇಲು, ಆ್ಯಂಗಲ್ ಪಟ್ಟಿ ಇದಕ್ಕೆ ಆಗುವುದಿಲ್ಲ, ಅವೇ ಬೆಂಡ್ ಇರುತ್ತವೆ. ಕೆಳಮುಖವನ್ನು ಚೆನ್ನಾಗಿ ಒರೆಸಿ. ಸ್ಟ್ರೈಟ್ ಎಡ್ಜನ್ನು ಉದ್ದಕ್ಕೆ ಎರಡು ಅಂಚಿನಲ್ಲಿ, ನಡುವೆ, ಅಡ್ಡಕ್ಕೆ, ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಇಟ್ಟು ಕೆಳಗೆ ಫೀಲರ್ ತೂರಿಸಿ. ಚಿಕ್ಕ ಪೆಟ್ರೋಲ್ ಎಂಜಿನ್ನುಗಳಿಗೆ ಸಾಮಾನ್ಯವಾಗಿ 0.05 ಮಿ.ಮೀ. ಮಿತಿ. ಉದ್ದದ ಹೆಡ್ಡುಗಳಿಗೆ 0.1 ಮಿ.ಮೀ.ವರೆಗೆ ಬಿಡುವುದೂ ಉಂಟು. ನಿಮ್ಮ ಗಾಡಿಯ ಸರ್ವೀಸ್ ಮ್ಯಾನುವಲ್‌ನಲ್ಲಿ ಇರುವುದೇ ಕೊನೆಯ ಮಾತು. ಮ್ಯಾನಿಫೋಲ್ಡ್ ಕೂರುವ ಪಕ್ಕದ ಮುಖಗಳನ್ನೂ ಹೀಗೆಯೇ ನೋಡಿ.

ಕ್ಯಾಮ್‌ಶಾಫ್ಟ್ ಮೇಲಿರುವ ಹೆಡ್ಡಾದರೆ ಇನ್ನೊಂದು ಪರೀಕ್ಷೆ ಬಿಡಲೇಬಾರದು. ಹೆಡ್ಡು ಬೆಂಡ್ ಆದಾಗ ಮೇಲಿನ ಕ್ಯಾಮ್ ದಾರಿಯೂ ಬೆಂಡ್ ಆಗಿರುತ್ತದೆ. ಕೆಳಗೆ ಫೇಸಿಂಗ್ ಮಾಡಿದರೆ ಕೆಳಮುಖ ಮಾತ್ರ ಸಮವಾಗುತ್ತದೆ, ಮೇಲಿನದು ಹಾಗೇ ಇರುತ್ತದೆ. ರಾಕರ್ (ಕ್ಯಾಮಿನಿಂದ ವಾಲ್ವನ್ನು ಒತ್ತುವ ಸನ್ನೆ) ತೆಗೆದು ಬರೀ ಕ್ಯಾಮ್‌ಶಾಫ್ಟನ್ನು ಎಣ್ಣೆ ಹಚ್ಚಿ ಕೂರಿಸಿ, ಅದನ್ನು ಮೇಲಿಂದ ಹಿಡಿಯುವ ಕ್ಯಾಪ್ ಇದ್ದರೆ ಬಿಗಿದು, ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಒಂದು ಕಡೆ ಹಿಡಿದ ಹಾಗಾದರೆ ಬೇಡ. ಕ್ಯಾಪ್‌ಗಳು ಅದೇ ಹೆಡ್ಡಿನವು ಇರಬೇಕು, ಅದೇ ಜಾಗದಲ್ಲಿ ಇರಬೇಕು. ಅವುಗಳನ್ನು ಹೆಡ್ಡಿನ ಜೊತೆ ಸೇರಿಸಿಯೇ ಕೊರೆದಿರುತ್ತಾರೆ, ಇನ್ನೊಂದು ಹೆಡ್ಡಿನದ್ದು ಹೊಂದುವುದಿಲ್ಲ.

ಮೆತ್ತಗಾಗಿದೆಯಾ ಅಂತ ತಿಳಿಯಲು ಸ್ಪ್ರಿಂಗ್ ಇರುವ ಸೆಂಟರ್ ಪಂಚ್ ಒಂದು ತಗೊಳ್ಳಿ. ಅದು ಪ್ರತಿ ಸಲ ಒಂದೇ ಜೋರಿನಲ್ಲಿ ಹೊಡೆಯುತ್ತದೆ. ಅಂಗಡಿಯವರ ಒಪ್ಪಿಗೆ ಕೇಳಿ, ಗ್ಯಾಸ್ಕೆಟ್ ಕೂರದ ಜಾಗದಲ್ಲಿ, ಒಂದು ಗುರುತು ಎಕ್ಸಾಸ್ಟ್ ಹತ್ತಿರ, ಇನ್ನೊಂದು ಹೆಡ್ಡಿನ ತುದಿಯಲ್ಲಿ ಹೊಡೆಯಿರಿ. ಎಕ್ಸಾಸ್ಟ್ ಹತ್ತಿರದ ಚುಕ್ಕೆ ದೊಡ್ಡದಾಗಿ ಆಳವಾಗಿದ್ದರೆ ಅಲ್ಲಿ ಲೋಹ ಮೆತ್ತಗಾಗಿದೆ. ಹೆಡ್ ಬೋಲ್ಟಿನ ವಾಷರ್ ಕೂತ ಜಾಗ ಹಳ್ಳ ಬಿದ್ದಿದ್ದರೂ ಅದೇ ಸೂಚನೆ. ದೊಡ್ಡ ಮೆಶಿನ್ ಶಾಪಿನಲ್ಲಿ ಹಾರ್ಡ್‌ನೆಸ್ ಟೆಸ್ಟರ್ ಇದ್ದರೆ ಅಲ್ಲೇ ನೋಡಿಸಿ, ಪಂಚ್ ಬರೀ ಅಂದಾಜಿಗೆ.

ಬಿರುಕಿಗೆ ಮೂರು ಪರೀಕ್ಷೆ ಇವೆ. ಕೆಂಪು ಬಣ್ಣದ ಸ್ಪ್ರೇ ಹಾಕಿ, ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆಯುವುದು ಒಂದು. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಎದ್ದು ಬರುತ್ತದೆ. ಬೀಡಿಗೂ ಅಲ್ಯೂಮಿನಿಯಂಗೂ ಆಗುತ್ತದೆ. ಮ್ಯಾಗ್ನೆಟ್ ಪುಡಿಯ ಪರೀಕ್ಷೆ ಬೀಡಿಗೆ ಮಾತ್ರ. ಎಲ್ಲಕ್ಕಿಂತ ನಂಬಬಹುದಾದದ್ದು ಪ್ರೆಶರ್ ಟೆಸ್ಟ್: ನೀರಿನ ತೂತುಗಳನ್ನೆಲ್ಲ ಪ್ಲೇಟು ರಬ್ಬರಿನಿಂದ ಮುಚ್ಚಿ, ಒಳಗೆ ಎರಡು ಮೂರು ಬಾರ್ ಗಾಳಿ ಕೊಟ್ಟು, ಬಿಸಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವುದು. ನೀರು ಬಿಸಿ ಇರಲೇಬೇಕು ಅಂತ ಹೇಳಿ. ಎಷ್ಟೋ ಬಿರುಕುಗಳು ತಣ್ಣಗಿರುವಾಗ ಬಾಯಿ ಬಿಡುವುದಿಲ್ಲ. ಕೆಲವು ಡೀಸೆಲ್ ಹೆಡ್ಡುಗಳಲ್ಲಿ ಸೀಟುಗಳ ನಡುವಿನ ಕೂದಲೆಳೆಯಷ್ಟು ಬಿರುಕನ್ನು ಕಂಪನಿಯೇ ಒಂದು ಮಿತಿಯವರೆಗೆ ಒಪ್ಪುತ್ತದೆ. ಅದನ್ನು ಮ್ಯಾನುವಲ್ ನೋಡಿಯೇ ಒಪ್ಪಬೇಕು, ಮಾರುವವರ ಬಾಯಿ ಮಾತಿನ ಮೇಲೆ ಬೇಡ.

ಕೊನೆಯದಾಗಿ ದಪ್ಪ ಅಳೆಯಿರಿ. ಈ ಮೊದಲೇ ಒಂದೆರಡು ಸಲ ಫೇಸಿಂಗ್ ಆಗಿದ್ದರೆ ಇನ್ನು ಕೆರೆಯಲು ಏನೂ ಉಳಿದಿರುವುದಿಲ್ಲ. ತೀರಾ ತೆಳ್ಳಗಾದರೆ ಕಂಪ್ರೆಶನ್ ಏರುತ್ತದೆ, ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ನಿಗೆ ವಾಲ್ವ್ ತಾಗುವ ಅಪಾಯ ಇದೆ. ಡೀಸೆಲ್‌ಗಳಲ್ಲಿ ಇನ್ನೂ ಎಚ್ಚರ ಬೇಕು. ಫೇಸಿಂಗೇ ಮಾಡಬಾರದು ಅಂತ ಕಂಪನಿ ಹೇಳಿರುವ ಹೆಡ್ಡುಗಳೂ ಇವೆ.

ನಾಲ್ಕು ದಾರಿ, ಒಂದೊಂದಾಗಿ

ನಿಮ್ಮದೇ ಹೆಡ್ಡನ್ನು ಸರಿ ಮಾಡಿಸುವುದನ್ನು ಜನ ಬೇಗ ಕೈಬಿಡುತ್ತಾರೆ. ನನ್ನ ಪ್ರಕಾರ ಅಲ್ಲಿಂದಲೇ ಶುರು ಮಾಡಬೇಕು. ಅದು ಎಲ್ಲಿ ಹೀಟ್ ಆಯಿತು, ಎಷ್ಟು ಹೊತ್ತಿಗೆ ಆಫ್ ಮಾಡಿದಿರಿ, ಎಲ್ಲ ನಿಮಗೆ ಗೊತ್ತು. ಘಾಟಿಯಲ್ಲಿ ಹಬೆ ಕಂಡ ಕೂಡಲೇ ನಿಲ್ಲಿಸಿದ್ದರೆ ಬರೀ ಗ್ಯಾಸ್ಕೆಟ್ ಹೋಗಿರಬಹುದು, ಬೆಂಡು ಸ್ವಲ್ಪವೇ ಇರಬಹುದು. ಬಿಚ್ಚಿ ಪ್ರೆಶರ್ ಟೆಸ್ಟ್ ಮಾಡಿಸಿ, ಪಾಸಾದರೆ ಫೇಸಿಂಗ್, ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ಉಜ್ಜಿ ಹೊಂದಿಸುವುದು) ಮಾಡಿಸಿ ಕೂರಿಸಿ. ಬೆಂಡು ಜಾಸ್ತಿ ಇದ್ದು ಕ್ಯಾಮ್ ಹಿಡಿಯುತ್ತಿದ್ದರೆ ದಪ್ಪ ಪ್ಲೇಟಿಗೆ ಬಿಗಿದು ಓವನ್ನಿನಲ್ಲಿ ಕಾಯಿಸಿ ನೆಟ್ಟಗೆ ಮಾಡುವ ವಿಧಾನ ಇದೆ. ಅದು ಎಲ್ಲ ಊರಿನಲ್ಲೂ ಆಗುವ ಕೆಲಸ ಅಲ್ಲ. ಬಿರುಕಿಗೆ ವೆಲ್ಡಿಂಗ್ ಮಾಡಿಸುವುದಾದರೆ ಮಾಡಿದ ಮೇಲೆ ಮತ್ತೆ ಪ್ರೆಶರ್ ಟೆಸ್ಟ್ ಬೇಕು. ಮೆತ್ತಗಾಗಿದ್ದರೆ ಮಾತ್ರ ಮರುಮಾತಿಲ್ಲದೆ ಬಿಟ್ಟುಬಿಡಿ.

ಗುಜರಿ ಹೆಡ್ಡು ಎಲ್ಲಕ್ಕಿಂತ ಅಗ್ಗ, ಅಪಾಯವೂ ಎಲ್ಲಕ್ಕಿಂತ ಜಾಸ್ತಿ. ಶಿವಮೊಗ್ಗದಲ್ಲಿ ಸಿಗದ ಮಾಡೆಲ್ಲಿಗೆ ಸುಮಾರು 300 ಕಿ.ಮೀ. ದೂರದ ಬೆಂಗಳೂರಿಗೆ ಹೋಗುವವರಿದ್ದಾರೆ, ಫೋಟೋ ನೋಡಿ ಬಸ್ಸಿನಲ್ಲಿ ಪಾರ್ಸೆಲ್ ತರಿಸಿಕೊಳ್ಳುವವರೂ ಇದ್ದಾರೆ. ಫೋಟೋದಲ್ಲಿ ಬೆಂಡು ಕಾಣುವುದಿಲ್ಲ, ಮೆತ್ತಗಾದದ್ದಂತೂ ಕಾಣುವುದೇ ಇಲ್ಲ. ಮೇಲೆ ಹೇಳಿದ ಪರೀಕ್ಷೆಗೆ ಅವಕಾಶ ಇದ್ದರೆ, ಫೇಲಾದರೆ ವಾಪಸ್ ಅಂತ ಬಿಲ್ಲಿನಲ್ಲಿ ಬರೆದುಕೊಟ್ಟರೆ ಮಾತ್ರ ಇದು ಒಳ್ಳೆಯ ದಾರಿ. ಎರಕದ ನಂಬರ್ ಹೊಂದುತ್ತದೆಯಾ ನೋಡಿ. ಕಾರ್ಬುರೇಟರ್ ಗಾಡಿ, ಎಂಪಿಎಫ್ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿ, ಬೇರೆ ಬೇರೆ ಬಿಎಸ್ (ಹೊಗೆ ನಿಯಮದ) ಮಟ್ಟದ ಗಾಡಿಗಳ ಹೆಡ್ಡು ದೂರದಿಂದ ಒಂದೇ ಥರ ಕಂಡರೂ ಸೆನ್ಸರ್ ತೂತುಗಳು ಬೇರೆ ಇರಬಹುದು. ವಾಲ್ವ್, ಕ್ಯಾಮ್ ಸಮೇತ ಪೂರ್ತಿ ಹೆಡ್ಡು ಸಿಕ್ಕರೆ ಬರೀ ಹೆಡ್ಡಿಗಿಂತ ಅದೇ ಲಾಭ. "ಹೆಡ್ಡು ಯಾಕೆ, ಎಂಜಿನ್ನೇ ತಗೊಳ್ಳಿ" ಅಂತ ಕೆಲವರು ಹೇಳುತ್ತಾರೆ. ಎಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. ಪೂರ್ತಿ ಎಂಜಿನ್ ಬದಲಿಸಿದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ಹೆಡ್ಡಿಗೆ ಆ ತಾಪತ್ರಯ ಇಲ್ಲ.

ರೀಕಂಡೀಶನ್ ಹೆಡ್ಡಿನ ಒಳ್ಳೆಯ ಗುಣ ಸಮಯ. ನಿಮ್ಮದನ್ನು ಕೊಟ್ಟು ತಯಾರಾಗಿರುವುದನ್ನು ತಂದು ಹಾಕಿದರೆ ಗಾಡಿ ಬೇಗ ರಸ್ತೆಗೆ ಇಳಿಯುತ್ತದೆ. ಆದರೆ ಅದೂ ಒಂದು ಕಾಲದಲ್ಲಿ ಯಾರದ್ದೋ ಹೀಟ್ ಆದ ಹೆಡ್ಡೇ ಇರಬಹುದು. ಫೇಸಿಂಗ್ ಮಾಡಿ ಬಣ್ಣ ಹೊಡೆದದ್ದು ರೀಕಂಡೀಶನ್ ಆಗುವುದಿಲ್ಲ. ಸುಮ್ನೆ ನಾಲ್ಕು ಪ್ರಶ್ನೆ ಕೇಳಿ: ಬಿಸಿ ನೀರಿನಲ್ಲಿ ಪ್ರೆಶರ್ ಟೆಸ್ಟ್ ಆಗಿದೆಯಾ, ದಪ್ಪ ಎಷ್ಟು ಉಳಿದಿದೆ, ವಾಲ್ವಿನ ಗೈಡು (ವಾಲ್ವಿನ ಕಡ್ಡಿ ಓಡಾಡುವ ಕೊಳವೆ), ಸೀಟು ಬದಲಿಸಿದ್ದೀರಾ, ಗ್ಯಾರಂಟಿ ಕಾಗದದಲ್ಲಿ ಕೊಡುತ್ತೀರಾ. ಕೆಲಸ ಬಲ್ಲವರು ಇದಕ್ಕೆ ಖುಷಿಯಿಂದಲೇ ಉತ್ತರ ಕೊಡುತ್ತಾರೆ. ನಿಮ್ಮ ಹಳೆ ಹೆಡ್ಡು ಒಡೆದಿದ್ದರೆ ಎಕ್ಸ್‌ಚೇಂಜ್ ರೇಟು ಏರುತ್ತದೆ, ಅದನ್ನೂ ಮೊದಲೇ ಮಾತಾಡಿಕೊಳ್ಳಿ.

ಹೊಸ ಹೆಡ್ಡಿನಲ್ಲಿ ಬಿಸಿಯ ಚಿಂತೆಯೇ ಇಲ್ಲ. ಎಷ್ಟೋ ಸಲ ಬರೀ ಹೆಡ್ಡು ಮಾತ್ರ ಬರುತ್ತದೆ, ವಾಲ್ವ್, ಸ್ಪ್ರಿಂಗ್, ಕ್ಯಾಮ್ ಹಳೆಯದರಿಂದ ತೆಗೆದು ಹಾಕಬೇಕು. ರೇಟು ಕೇಳುವಾಗ ಇದನ್ನು ಕೇಳಿ. ತಯಾರಿಕೆ ನಿಂತುಹೋದ ಗಾಡಿಗಳಿಗೆ ಕಂಪನಿ ಮಾಲು ಸಿಗದೇ ಇರಬಹುದು.

ಯಾರಿಗೆ ಯಾವುದು

ವಾರಕ್ಕೊಂದು ಸಲ ಪೇಟೆಗೆ ಹೋಗುವ ಹಳೆ ಓಮ್ನಿ, ಕೈಯಲ್ಲಿ ದುಡ್ಡು ಕಡಿಮೆ, ಸಮಯ ಇದೆ ಅನ್ನುವವರು ಮೊದಲು ಸ್ವಂತ ಹೆಡ್ಡನ್ನು ಪರೀಕ್ಷೆ ಮಾಡಿಸಿ. ಫೇಲಾದರೆ ಗುಜರಿಗೆ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಹೋಗಿ. ಅವರ ಅರ್ಧ ದಿನದ ಕೂಲಿ ಕೊಟ್ಟರೂ ಅದು ಉಳಿತಾಯವೇ.

ಕೊಯ್ಲಿನ ಹೊತ್ತಿನಲ್ಲಿ ಪಿಕಪ್ ನಿಂತರೆ ಬಾಡಿಗೆ ಗಾಡಿಯ ಖರ್ಚು ದಿನಾ ಬೆಳೆಯುತ್ತದೆ. ಅಂಥವರಿಗೆ ಗ್ಯಾರಂಟಿ ಇರುವ ರೀಕಂಡೀಶನ್ ಹೆಡ್ಡು. ವರ್ಷಪೂರ್ತಿ ಲೋಡ್ ಹಾಕಿ ಘಾಟಿ ಇಳಿದು ಹತ್ತುವ ಗಾಡಿ, ಇನ್ನೂ ಬಹಳ ವರ್ಷ ಇಟ್ಟುಕೊಳ್ಳಬೇಕು ಅನ್ನುವವರು ಹೊಸದನ್ನೇ ಹಾಕಿಸಿ. ನಾನು ಇಟ್ಟುಕೊಂಡಿರುವ ಗೆರೆ ಇದು: ಹಳೆ ಹೆಡ್ಡಿನ ರೇಟು ಮತ್ತು ಅದಕ್ಕೆ ಬೇಕಾದ ಮೆಶಿನ್ ಕೆಲಸ ಸೇರಿ ಹೊಸದರ ಅರ್ಧ ದಾಟಿದರೆ ಹೊಸದಕ್ಕೆ ಹೋಗಬೇಕು. ಹೊಸದು ಸಿಗದ ಹಳೆ ಜೀಪುಗಳಿಗೆ ಈ ಗೆರೆ ಅನ್ವಯಿಸುವುದಿಲ್ಲ. ಅಲ್ಲಿ ಬಿರುಕಿಲ್ಲದ ಹೆಡ್ಡು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ತಗೊಳ್ಳಿ.

ಯಾವ ಹೆಡ್ಡು ತಂದರೂ ಕೂರಿಸುವ ಮೊದಲು ಅದೇ ಸ್ಟ್ರೈಟ್ ಎಡ್ಜನ್ನು ಬ್ಲಾಕಿನ ಮುಖದ ಮೇಲೂ ಇಟ್ಟು ನೋಡಲು ಹೇಳಿ. ಗಾಡಿ ಯಾಕೆ ಹೀಟ್ ಆಯಿತು ಅನ್ನುವುದು ಸಿಗುವವರೆಗೆ ಹೊಸ ಗ್ಯಾಸ್ಕೆಟ್ಟಿನ ಕವರ್ ಹರಿಯಬೇಡಿ. ರೇಡಿಯೇಟರ್ ಬಿಚ್ಚಿ ತೊಳೆಸಿ. ವಾಟರ್ ಪಂಪ್, ಫ್ಯಾನ್, ಹೋಸುಗಳು, ರೇಡಿಯೇಟರ್ ಮುಚ್ಚಳ ನೋಡಿಸಿ. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟ್ ಹರಿಯಬಿಡುವ ವಾಲ್ವು) ಕಿತ್ತೆಸೆದಿದ್ದರೆ ಹೊಸದು ಹಾಕಿಸಿ. ಒಮ್ಮೆ ಮಾತ್ರ ಬಳಸಬೇಕಾದ ಹೆಡ್ ಬೋಲ್ಟು ಇರುವ ಎಂಜಿನ್ನಾದರೆ ಹಳೆಯದನ್ನೇ ಬಿಗಿಯಲು ಬಿಡಬೇಡಿ. ಸರಿಯಾದ ಕೂಲೆಂಟ್ ತುಂಬಿ ಗಾಳಿ ತೆಗೆಸಿದ ಮೇಲೆ ಕೆಲವು ದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ಮಟ್ಟ ನೋಡಿ. ಇಳಿಯುತ್ತಿದ್ದರೆ ಘಾಟಿಗೆ ಹೋಗದೆ ಗ್ಯಾರಂಟಿ ಕಾಗದ ಹಿಡಿದು ವಾಪಸ್ ಗ್ಯಾರೇಜಿಗೆ ಹೋಗಿ.